ವಿಡಿಯೊ ಆಮೇಲೆ ಮಾಡಿ, ಮೊದಲು ಪ್ರಶ್ನೆ ಬರೆಯಿರಿ

ಡಿಗ್ರಿ ಕಾಲೇಜುಗಳ ಅಧ್ಯಾಪಕರಿಗೆ ಡಿಜಿಟಲ್ ಪಾಠ ತಯಾರಿಸುವುದನ್ನು ಹೇಳಿಕೊಡುವುದು ನನ್ನ ಕೆಲಸ. ಯಾವ ಕಾಲೇಜಿಗೆ ಹೋದರೂ ಮೊದಲು ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಯಾವ ಮೈಕ್ ತಗೊಳ್ಳೋಣ? ಎಡಿಟಿಂಗ್‌ಗೆ ಯಾವ ಸಾಫ್ಟ್‌ವೇರ್ ಒಳ್ಳೆಯದು? ಒಂದು ಯೂನಿಟ್‌ಗೆ ಎಷ್ಟು ವಿಡಿಯೊ ಬೇಕು? ಕೇಳಲೇಬೇಕಾದ ಪ್ರಶ್ನೆಗಳೇ. ಆದರೆ ಮೊದಲ ದಿನ ನಾನು ಯಾರಿಂದಲೂ ಕ್ಯಾಮೆರಾ ಆನ್ ಮಾಡಿಸುವುದಿಲ್ಲ. ಒಂದು ಖಾಲಿ ಹಾಳೆ ಕೊಡುತ್ತೇನೆ. ಈ ಪಾಠ ಕಲಿತವರು ಯಾವ ಪ್ರಶ್ನೆಗೆ ಉತ್ತರ ಕೊಡಬಲ್ಲವರಾಗಬೇಕು, ಉತ್ತರ ಕೊಡುವಾಗ ಎಲ್ಲೆಲ್ಲಿ ಎಡವುತ್ತಾರೆ, ಅಷ್ಟನ್ನು ಬರೆಯಿರಿ ಎನ್ನುತ್ತೇನೆ. ಆ ಹಾಳೆ ತುಂಬಿದ ಮೇಲೆ ವಿಡಿಯೊ ಎಷ್ಟು ಬೇಕು, ಬೇಕೇ ಬೇಡವೇ ಅನ್ನುವುದು ತಾನಾಗಿ ತಿಳಿಯುತ್ತದೆ.

ತಂತ್ರಜ್ಞಾನ ಎಂದರೆ ಪಾಠವನ್ನು ಚಿತ್ರೀಕರಿಸಿ ದೂರದವರಿಗೆ ಮುಟ್ಟಿಸುವುದು ಅನ್ನುವ ಯೋಚನೆ ನಮ್ಮಲ್ಲಿ ಹಳೆಯದು. ಯುಜಿಸಿ 1984ರಲ್ಲೇ ದೂರದರ್ಶನದಲ್ಲಿ ಕಾಲೇಜು ಪಾಠಗಳನ್ನು ಶುರು ಮಾಡಿತ್ತು. 2003ರಲ್ಲಿ ಐಐಟಿಗಳೂ ಬೆಂಗಳೂರಿನ ಐಐಎಸ್‌ಸಿಯೂ ಸೇರಿ, ತಮ್ಮ ಪಾಠಗಳನ್ನು ಆನ್‌ಲೈನ್‌ನಲ್ಲಿ ಕೊಡುವ ಎನ್‌ಪಿಟಿಇಎಲ್ ಯೋಜನೆ ಆರಂಭಿಸಿದವು. 2004ರಲ್ಲಿ ಇಸ್ರೊ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿಸಿತು. ಅದನ್ನು ಮೊದಲು ಬಳಸಿ ನೋಡಿದವರಲ್ಲಿ ನಮ್ಮ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕೂಡ ಒಂದು. ಒಳ್ಳೆಯ ಅಧ್ಯಾಪಕರ ಪಾಠ ಸಣ್ಣ ಊರಿನ ಕಾಲೇಜಿಗೂ ಸಿಗುವಂತಾಗಿದ್ದು ಸಣ್ಣ ವಿಷಯವಲ್ಲ. 2017ರಲ್ಲಿ ಬಂದ, ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್‌ಗಳ ತಾಣ ಸ್ವಯಂ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅದರ ಪ್ರತಿ ಕೋರ್ಸ್‌ಗೂ ನಾಲ್ಕು ಭಾಗ: ವಿಡಿಯೊ, ಓದುವ ಸಾಮಗ್ರಿ, ತಾನೇ ಪರೀಕ್ಷಿಸಿಕೊಳ್ಳುವ ಪ್ರಶ್ನೆಗಳು, ಅನುಮಾನ ಕೇಳಿ ಚರ್ಚಿಸುವ ಜಾಗ. ನಮ್ಮ ಕಾಲೇಜುಗಳು ಅದನ್ನು ನೋಡಿ ಕಲಿಯುವಾಗ ಹೆಚ್ಚಾಗಿ ವಿಡಿಯೊ ಒಂದನ್ನೇ ಹಿಡಿದುಕೊಂಡವು. ಉಳಿದ ಮೂರನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ.

ಒಂದು ಪಾಠವನ್ನೇ ತೆಗೆದುಕೊಂಡು ನೋಡೋಣ. ಬಿ.ಎ., ಬಿ.ಕಾಂ. ಎರಡರಲ್ಲೂ ಬರುವ ಬೇಡಿಕೆಯ ಬೆಲೆ ಸ್ಥಿತಿಸ್ಥಾಪಕತ್ವ, ಅಂದರೆ ಬೆಲೆ ಬದಲಾದಾಗ ಬೇಡಿಕೆ ಎಷ್ಟು ಬದಲಾಗುತ್ತದೆ ಅನ್ನುವ ಅಳತೆ. ಸಾಮಾನ್ಯವಾಗಿ ಇದರ ವಿಡಿಯೊ ವ್ಯಾಖ್ಯೆಯಿಂದ ಶುರುವಾಗುತ್ತದೆ. ನಂತರ ಸೂತ್ರ, ಐದು ವಿಧ, ಐದು ರೇಖಾಚಿತ್ರ. ಮುಕ್ಕಾಲು ಗಂಟೆ ಆಗುತ್ತದೆ. ನೋಡಿದವರು ಐದು ವಿಧದ ಹೆಸರನ್ನು ಬಾಯಿಪಾಠ ಮಾಡಿರುತ್ತಾರೆ. ಲೆಕ್ಕ ಕೊಟ್ಟರೆ ಪೆನ್ನು ನಿಲ್ಲುತ್ತದೆ.

ಈಗ ಪ್ರಶ್ನೆಯಿಂದ ಶುರು ಮಾಡೋಣ. ಒಂದು ಹೋಟೆಲ್‌ನಲ್ಲಿ ಮಸಾಲೆ ದೋಸೆಗೆ 50 ರೂಪಾಯಿ ಇತ್ತು. ದಿನಕ್ಕೆ 200 ದೋಸೆ ಹೋಗುತ್ತಿತ್ತು. ಬೆಲೆಯನ್ನು 60 ರೂಪಾಯಿ ಮಾಡಿದರು. ಈಗ ದಿನಕ್ಕೆ 150 ಹೋಗುತ್ತದೆ. ಮೊದಲು ಕೇಳಬೇಕಾದ್ದು ಇಷ್ಟೇ: ಮಾಲೀಕರ ದಿನದ ಕಲೆಕ್ಷನ್ ಜಾಸ್ತಿ ಆಯಿತೋ ಕಡಿಮೆ ಆಯಿತೋ? ರೇಟು ಏರಿಸಿದ್ದಾರೆ, ಜಾಸ್ತಿಯೇ ಆಗಿರಬೇಕು ಎಂದು ಥಟ್ಟನೆ ಹೇಳುವವರು ಬಹಳ ಮಂದಿ. ಲೆಕ್ಕ ಹಾಕಿದರೆ 10,000 ಇದ್ದದ್ದು 9,000ಕ್ಕೆ ಇಳಿದಿದೆ. ಇದು ಹೇಗಾಯಿತು ಅನ್ನುವ ಕುತೂಹಲ ಹುಟ್ಟುವುದು ಈ ಗಳಿಗೆಯಲ್ಲಿ. ಪಾಠ ಬರಬೇಕಾದ ಜಾಗವೂ ಇದೇ.

ಪಾಠ ಆದ ಮೇಲಿನ ಪ್ರಶ್ನೆ: ಇಲ್ಲಿ ಸ್ಥಿತಿಸ್ಥಾಪಕತ್ವ ಎಷ್ಟು? ನಾಲ್ಕು ಉತ್ತರ ಕೊಡೋಣ. 1.25, 5, 0.8, 2. ಬೆಲೆ ಏರಿದಾಗ ಬೇಡಿಕೆ ಇಳಿಯುವುದರಿಂದ ಬರುವ ಮೈನಸ್ ಚಿಹ್ನೆಯನ್ನು ಸದ್ಯಕ್ಕೆ ಪಕ್ಕಕ್ಕಿಟ್ಟಿದ್ದೇನೆ. ಸರಿ ಉತ್ತರ 1.25. ಬೇಡಿಕೆ ಶೇ 25 ಇಳಿದಿದೆ, ಬೆಲೆ ಶೇ 20 ಏರಿದೆ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಆಯಿತು. ಆದರೆ ನನಗೆ ಮುಖ್ಯ ಅನ್ನಿಸುವುದು ಉಳಿದ ಮೂರು. 5 ಎಂದವರು ಶೇಕಡಾ ಮಾಡದೆ, ಕಡಿಮೆಯಾದ 50 ದೋಸೆಯನ್ನು ಹೆಚ್ಚಾದ 10 ರೂಪಾಯಿಯಿಂದ ನೇರವಾಗಿ ಭಾಗಿಸಿದ್ದಾರೆ. 0.8 ಎಂದವರು ಸೂತ್ರವನ್ನು ತಲೆಕೆಳಗು ಮಾಡಿದ್ದಾರೆ. 2 ಎಂದವರು ಶೇಕಡಾ ತೆಗೆಯುವಾಗ ಹಳೆಯ ಬೆಲೆ, ಹಳೆಯ ಮಾರಾಟದ ಬದಲು ಹೊಸದನ್ನು ಹಿಡಿದಿದ್ದಾರೆ. (ಸಿಲಬಸ್‌ನಲ್ಲಿ ಹಳೆಯದು, ಹೊಸದು ಎರಡರ ಸರಾಸರಿಯ ಮೇಲೆ ಶೇಕಡಾ ತೆಗೆಯುವ ಮಧ್ಯಬಿಂದು ವಿಧಾನ ಇದ್ದರೆ ಉತ್ತರ ಸುಮಾರು 1.57 ಬರುತ್ತದೆ. ಯಾವ ವಿಧಾನ ಎಂದು ಪ್ರಶ್ನೆಯಲ್ಲೇ ಹೇಳಿಬಿಡಿ.) ಮೂರೂ ತಪ್ಪು, ಆದರೆ ಮೂರೂ ಬೇರೆ ಬೇರೆ ತಪ್ಪು. ಮೂವರಿಗೂ ‘ತಪ್ಪು ಉತ್ತರ, ಮತ್ತೊಮ್ಮೆ ಪ್ರಯತ್ನಿಸಿ’ ಎಂದು ಒಂದೇ ಮಾತು ಹೇಳಿದರೆ ಯಾರಿಗೂ ಉಪಯೋಗವಿಲ್ಲ. 5 ಒತ್ತಿದವರಿಗೆ ಪರದೆಯ ಮೇಲೆ ಹೀಗೆ ಬರಬೇಕು: ‘ನೀವು ದೋಸೆಯ ಲೆಕ್ಕವನ್ನು ರೂಪಾಯಿಯ ಲೆಕ್ಕದಿಂದ ಭಾಗಿಸಿದ್ದೀರಿ. ಎರಡನ್ನೂ ಮೊದಲು ಶೇಕಡಾಕ್ಕೆ ತನ್ನಿ, ಆಮೇಲೆ ಭಾಗಿಸಿ.’ ಉತ್ತರ ಹೇಳಿಲ್ಲ, ದಾರಿ ತೋರಿಸಿದೆ.

ತರಗತಿಯಲ್ಲಿ ಒಳ್ಳೆಯ ಅಧ್ಯಾಪಕರು ಹುಡುಗಿಯೊಬ್ಬಳ ನೋಟ್‌ಬುಕ್ ನೋಡಿ ‘ಇಲ್ಲಿ ನೋಡಮ್ಮ, ಇದನ್ನು ಶೇಕಡಾ ಮಾಡಿಲ್ಲ’ ಎನ್ನುತ್ತಾರಲ್ಲ, ಅದೇ ಕೆಲಸ ಇದು. 80 ಜನ ಇರುವ ತರಗತಿಯಲ್ಲಿ ಅವರು ಎಲ್ಲರ ಹತ್ತಿರ ಹೋಗಲು ಆಗುವುದಿಲ್ಲ. ತಂತ್ರಜ್ಞಾನದಿಂದ ನಿಜವಾಗಿ ಲಾಭ ಆಗುವುದು ಇಂಥ ಕಡೆ.

ಇದಕ್ಕೆ ದುಬಾರಿ ಸಾಮಾನು ಬೇಡ. ಆನ್‌ಲೈನ್ ಪಾಠ, ಕ್ವಿಜ್ ನಡೆಸುವ ಸಾಫ್ಟ್‌ವೇರ್ ಮೂಡಲ್ ಉಚಿತ. ಅದರಲ್ಲಿ ಪ್ರತಿ ತಪ್ಪು ಉತ್ತರಕ್ಕೂ ಬೇರೆ ಬೇರೆ ಸೂಚನೆ ಬರೆಯುವ ಸೌಲಭ್ಯ ಇದೆ. ಗೂಗಲ್ ಫಾರ್ಮ್‌ನ ಕ್ವಿಜ್‌ನಲ್ಲಿ ಎಲ್ಲ ತಪ್ಪುಗಳಿಗೂ ಸೇರಿಸಿ ಒಂದೇ ಸೂಚನೆ ಹಾಕಬಹುದು. ಆದರೆ ಉತ್ತರದ ಪ್ರಕಾರ ಬೇರೆ ಬೇರೆ ಸೆಕ್ಷನ್‌ಗೆ ಕಳಿಸುವ ಆಯ್ಕೆ ಅದರಲ್ಲೂ ಇದೆ. ಅದನ್ನು ಬಳಸಿ ಇದೇ ಕೆಲಸ ಮಾಡಿಸಬಹುದು.

ಕಷ್ಟ ಇರುವುದು ತಪ್ಪುಗಳನ್ನು ಗುರುತಿಸುವುದರಲ್ಲಿ. ಅದು ಉತ್ತರ ಪತ್ರಿಕೆ ತಿದ್ದಿದವರಿಗಷ್ಟೇ ಗೊತ್ತು. ಈಗ ಎಐ ಬಳಸಿ ಐದು ನಿಮಿಷದಲ್ಲಿ ಐವತ್ತು ಪ್ರಶ್ನೆ ತೆಗೆಯಬಹುದು. ನೋಡಲು ಚೆನ್ನಾಗಿಯೇ ಇರುತ್ತವೆ. ಆದರೆ ಅದರ ತಪ್ಪು ಆಯ್ಕೆಗಳು ಎಷ್ಟೋ ಸಲ ಸುಮ್ನೆ ಹತ್ತಿರದ ಸಂಖ್ಯೆಗಳು. ನಮ್ಮ ಮಕ್ಕಳು ಮಾಡುವ ತಪ್ಪುಗಳಲ್ಲ. ಕಳೆದ ಇಂಟರ್ನಲ್ಸ್‌ನ ಉತ್ತರ ಪತ್ರಿಕೆಗಳ ಕಟ್ಟನ್ನು ಬಿಚ್ಚಿ ಅರ್ಧ ಗಂಟೆ ಕೂತರೆ, ಅದಕ್ಕಿಂತ ಒಳ್ಳೆಯ ಆಯ್ಕೆಗಳು ಸಿಗುತ್ತವೆ. ಎಐಯಿಂದ ಕರಡು ಮಾಡಿಸಿಕೊಳ್ಳಿ, ಆಕ್ಷೇಪ ಇಲ್ಲ. ಆಯ್ಕೆಗಳನ್ನು ಮಾತ್ರ ನೀವೇ ಹಾಕಿ.

ಪ್ರಶ್ನೆಗೆ ಇಷ್ಟು ಒತ್ತು ಏಕೆ, ಪಾಠವನ್ನು ಎರಡು ಸಲ ನೋಡಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಇದನ್ನೇ ಪರೀಕ್ಷಿಸಿದರು. ಕಾಲೇಜು ವಿದ್ಯಾರ್ಥಿಗಳಲ್ಲಿ ಕೆಲವರು ಒಂದು ಬರಹವನ್ನು ಮತ್ತೊಮ್ಮೆ ಓದಿದರು. ಉಳಿದವರು ಒಂದು ಸಲ ಓದಿ, ನಂತರ ನೋಡದೆ ನೆನಪು ಮಾಡಿಕೊಂಡು ಬರೆದರು. ಐದು ನಿಮಿಷದ ನಂತರ ಪರೀಕ್ಷೆ ಮಾಡಿದಾಗ ಮತ್ತೆ ಓದಿದವರೇ ಮುಂದಿದ್ದರು. ವಾರದ ನಂತರ ಮಾಡಿದಾಗ ಅದು ಉಲ್ಟಾ ಆಗಿತ್ತು. ವಿಡಿಯೊವನ್ನು ಮತ್ತೆ ಮತ್ತೆ ನೋಡಿದಾಗ ಎಲ್ಲ ಗೊತ್ತಾದ ಹಾಗೆ ಅನ್ನಿಸುತ್ತದೆ. ಪರೀಕ್ಷೆ ಹಾಲ್‌ನಲ್ಲಿ ಕೂತಾಗ ಆ ಅನ್ನಿಸಿಕೆ ಕೈಕೊಡುತ್ತದೆ.

ಇಷ್ಟಾದ ಮೇಲೆ ವಿಡಿಯೊಗೆ ಬರೋಣ. ನಮ್ಮ ದೋಸೆಯ ಪಾಠಕ್ಕೆ ಒಂದೇ ವಿಡಿಯೊ ಸಾಕು, ಐದಾರು ನಿಮಿಷದ್ದು. 2014ರಲ್ಲಿ ಆನ್‌ಲೈನ್ ಕೋರ್ಸ್‌ಗಳ ತಾಣ ಎಡ್‌ಎಕ್ಸ್‌ನ 4 ಕೋರ್ಸ್‌ಗಳ ಸುಮಾರು 69 ಲಕ್ಷ ವೀಕ್ಷಣೆಗಳನ್ನು ಸಂಶೋಧಕ ಗುವೊ ಮತ್ತು ಜೊತೆಗಾರರು ಲೆಕ್ಕ ಹಾಕಿದ್ದರು. ವಿಡಿಯೊ ಎಷ್ಟೇ ಉದ್ದ ಇರಲಿ, ಜನ ಸಾಮಾನ್ಯವಾಗಿ ಅದರ ಮುಂದೆ ಇದ್ದದ್ದು ಆರು ನಿಮಿಷದ ಒಳಗೇ. ಅವರು ಮನೆಯಲ್ಲಿ ಕೂತು ತಮ್ಮಿಷ್ಟಕ್ಕೆ ಕಲಿಯುವವರು. ನಮ್ಮ ಡಿಗ್ರಿ ವಿದ್ಯಾರ್ಥಿಗಳಿಗೆ ಆ ಸಂಖ್ಯೆಯನ್ನು ಹಾಗೆಯೇ ಹಚ್ಚುವುದು ಬೇಡ. ಆದರೆ ಅದೇ ಅಧ್ಯಯನದ ಇನ್ನೊಂದು ಮಾತು ನಮಗೆ ತೀರಾ ಬೇಕಾದದ್ದು. ತರಗತಿಯ ಉಪನ್ಯಾಸವನ್ನು ರೆಕಾರ್ಡ್ ಮಾಡಿ ತುಂಡು ತುಂಡು ಮಾಡಿದರೆ ಅಷ್ಟು ಫಲ ಇಲ್ಲ. ಮೊದಲೇ ಯೋಚಿಸಿ, ಸಣ್ಣದಾಗಿಯೇ ಮಾಡಿದ ಪಾಠವನ್ನು ಜನ ಹೆಚ್ಚು ಹೊತ್ತು ನೋಡಿದರು. ಬರೀ ಸ್ಲೈಡ್‌ಗಿಂತ ಕೈಯಲ್ಲಿ ಬರೆಯುತ್ತಾ ಹೇಳಿದ ಪಾಠಕ್ಕೂ ಹೆಚ್ಚು ಗಮನ ಸಿಕ್ಕಿತ್ತು. ಹಾಗಾಗಿ ನಾನು ಅಧ್ಯಾಪಕರಿಗೆ ಹೇಳುವುದು: ಪುಸ್ತಕಗಳ ಗುಡ್ಡೆಯ ಮೇಲೆ, ಕ್ಯಾಮೆರಾ ಅಂಚಿನಾಚೆ ಬಂದು ಕೆಳಗೆ ನೋಡುವಂತೆ ಮೊಬೈಲ್ ಅಡ್ಡ ಇಡಿ, ಕೆಳಗೆ ಬಿಳಿ ಹಾಳೆ ಇಡಿ, ದಪ್ಪ ಸ್ಕೆಚ್ ಪೆನ್ನಿನಲ್ಲಿ ಲೆಕ್ಕ ಮಾಡುತ್ತಾ ಮಾತಾಡಿ. ಲೆಕ್ಕದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಸ್ಟುಡಿಯೊ ಬೇಕಿಲ್ಲ.

ಸ್ಲೈಡ್ ಬಳಸಿದರೆ ಅದರ ಮೇಲಿನ ಸಾಲುಗಳನ್ನೇ ಓದಬೇಡಿ. ಕಣ್ಣು ಒಂದು ಕಡೆ ಓದುತ್ತಾ, ಕಿವಿ ಅದನ್ನೇ ಬೇರೆ ವೇಗದಲ್ಲಿ ಕೇಳುತ್ತಾ ಇದ್ದರೆ ತಲೆಗೆ ಹೊರೆ ಜಾಸ್ತಿ. ಅಮೆರಿಕದ ಮನೋವಿಜ್ಞಾನಿ ರಿಚರ್ಡ್ ಮೇಯರ್ ಅವರ ಪ್ರಯೋಗಗಳು ಇದನ್ನು ಮತ್ತೆ ಮತ್ತೆ ತೋರಿಸಿವೆ. ಆದರೆ ನಮ್ಮಲ್ಲಿ ಒಂದು ಬದಲಾವಣೆ ಬೇಕು. ಪಿಯುವರೆಗೆ ಕನ್ನಡದಲ್ಲಿ ಓದಿ ಬಿ.ಕಾಂ.ಗೆ ಇಂಗ್ಲಿಷ್ ಮಾಧ್ಯಮಕ್ಕೆ ಬಂದವರಿಗೆ ಹೊಸ ಪದ ಕಿವಿಗೆ ಬಿದ್ದರೂ ಅದರ ಅಕ್ಷರ ತಿಳಿಯುವುದಿಲ್ಲ. ಅವರಿಗಾಗಿ ಮುಖ್ಯ ಪದವನ್ನು ಎರಡೂ ಲಿಪಿಯಲ್ಲಿ ದೊಡ್ಡದಾಗಿ ತೋರಿಸಿ, ವಿವರಣೆಯನ್ನು ಕನ್ನಡದಲ್ಲೇ ಕೊಡಿ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನವರು ಸಾಫ್ಟ್‌ವೇರ್ ಕಲಿಸುವುದು ಹೀಗೇ. ಪರದೆ ಇಂಗ್ಲಿಷ್‌ನದ್ದು, ದನಿ ಕನ್ನಡದ್ದು. ಪಾಠಗಳು ಸುಮಾರು ಹತ್ತು ನಿಮಿಷದವು. ಕಲಿಯುವವರು ನಡುನಡುವೆ ನಿಲ್ಲಿಸಿ ತಾವೇ ಮಾಡಿ ನೋಡಬೇಕು.

ಇನ್ನೊಂದು ವಿಷಯ ನನ್ನನ್ನು ಬಹಳ ಕಾಡುತ್ತದೆ. ಅದು ಕನ್ನಡದ ನೋಟ್ಸ್. ಎಷ್ಟೋ ಕಾಲೇಜುಗಳಲ್ಲಿ ವರ್ಷಾನುಗಟ್ಟಲೆ ಶ್ರಮಪಟ್ಟು ತಯಾರಿಸಿದ ನೋಟ್ಸ್ ಇವೆ. ಆದರೆ ಅವು ಎಲ್ಲ ಕಂಪ್ಯೂಟರ್, ಮೊಬೈಲ್‌ಗಳೂ ಗುರುತಿಸುವ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲಿಲ್ಲ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿ ಪಿಡಿಎಫ್ ಮಾಡಿಟ್ಟಿದ್ದಾರೆ. ಕಣ್ಣಿಗೆ ಅದು ಕನ್ನಡ. ಕಂಪ್ಯೂಟರ್‌ಗೆ ಮಾತ್ರ ಯಾವುದೋ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲು. ಅದರಲ್ಲಿ ‘ಬೇಡಿಕೆ’ ಎಂದು ಹುಡುಕಿದರೆ ಸಿಗುವುದಿಲ್ಲ. ಕಾಪಿ ಮಾಡಿ ವಾಟ್ಸ್‌ಆ್ಯಪ್‌ಗೆ ಹಾಕಿದರೆ ಅರ್ಥವಾಗದ ಗೀಚು ಬರುತ್ತದೆ. ಕಣ್ಣು ಕಾಣದ ವಿದ್ಯಾರ್ಥಿಗೆ ಆ ಪಿಡಿಎಫ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಎನ್‌ವಿಡಿಎಯಂಥ ಉಚಿತ ಸ್ಕ್ರೀನ್ ರೀಡರ್ ಯೂನಿಕೋಡ್ ಕನ್ನಡವನ್ನು ಓದಿ ಹೇಳುತ್ತದೆ. ಮೊಬೈಲ್‌ನ ಟಾಕ್‌ಬ್ಯಾಕ್ ಕೂಡ ಓದುತ್ತದೆ. ಈ ಹಳೆಯ ಕಡತವನ್ನು ಅವು ಓದಲಾರವು. ಪುಸ್ತಕದ ಪುಟಗಳ ಫೋಟೊ ತೆಗೆದು ಮಾಡಿದ ಪಿಡಿಎಫ್‌ಗಳ ಕಥೆಯೂ ಇದೇ.

ಅಂಗವೈಕಲ್ಯ ಇರುವವರ ಹಕ್ಕುಗಳಿಗಾಗಿ 2016ರ ಕಾಯ್ದೆ ಇದೆ. ಕಾಯ್ದೆ ಇಲ್ಲದಿದ್ದರೂ ಇದನ್ನು ಮಾಡಬೇಕಿತ್ತು, ಅಲ್ವಾ? ಕೆಲಸ ಅಸಾಧ್ಯವೇನಲ್ಲ. ಹಳೆಯ ಫಾಂಟ್‌ನಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಫೋಟೊ ಪುಟಗಳನ್ನು ಗೂಗಲ್ ಡ್ರೈವ್‌ಗೆ ಹಾಕಿ ಡಾಕ್ಸ್‌ನಲ್ಲಿ ತೆರೆದರೆ ಕನ್ನಡ ಅಕ್ಷರಗಳನ್ನು ಗುರುತಿಸಿ ಕೊಡುತ್ತದೆ. ಎರಡರಲ್ಲೂ ತಪ್ಪುಗಳು ಉಳಿಯುತ್ತವೆ, ಒತ್ತಕ್ಷರಗಳಲ್ಲಿ ಜಾಸ್ತಿ. ಕೂತು ತಿದ್ದಲೇಬೇಕು. ಆದರೆ ಒಮ್ಮೆ ತಿದ್ದಿದ ಕಡತ ಮತ್ತೆ ಹಾಳಾಗುವುದಿಲ್ಲ.

ಡೇಟಾ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಹತ್ತು ನಿಮಿಷದ ಮಾತನ್ನು 64 ಕೆಬಿಪಿಎಸ್ ಆಡಿಯೊ ಮಾಡಿದರೆ 5 ಎಂಬಿಗೂ ಕಡಿಮೆ. ಒಂದು ಗಂಟೆಯ ಉಪನ್ಯಾಸದ ವಿಡಿಯೊ 1.5 ಎಂಬಿಪಿಎಸ್‌ನಲ್ಲಿ ಇದ್ದರೆ 675 ಎಂಬಿ. ಅಪ್ಪನ ಫೋನು ರಾತ್ರಿ ಎಂಟರ ನಂತರವಷ್ಟೇ ಕೈಗೆ ಸಿಗುವ ಹುಡುಗಿಗೆ ಇವೆರಡರಲ್ಲಿ ಯಾವುದು ಆಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲ ಪಾಠಕ್ಕೂ ಚಿತ್ರ ಬೇಕಾಗಿಲ್ಲ. ಇತಿಹಾಸದ ವಾದ, ಕವಿತೆಯ ಓದು, ಕಾನೂನಿನ ತೀರ್ಪಿನ ವಿವರಣೆ ಇವಕ್ಕೆಲ್ಲ ಆಡಿಯೊ ಮತ್ತು ಎರಡು ಪುಟದ ನೋಟ್ಸ್ ಚೆನ್ನಾಗಿ ಒಗ್ಗುತ್ತವೆ. ವಿಡಿಯೊ ಮಾಡಿದರೆ ಲ್ಯಾಪ್‌ಟಾಪ್‌ನಲ್ಲಲ್ಲ, ಸಾಧಾರಣ ಮೊಬೈಲ್‌ನಲ್ಲಿ ಹಾಕಿ ನೋಡಿ. ಅಕ್ಷರ ಓದಲು ಕಣ್ಣು ಕಿರಿದು ಮಾಡಬೇಕಾಗಿ ಬಂದರೆ ಸ್ಲೈಡ್ ಮತ್ತೆ ಮಾಡಿ.

ಇದೆಲ್ಲ ಮಾಡಿದ ಮೇಲೆ ತರಗತಿ ಏನಾಗಬೇಕು? ಕ್ವಿಜ್‌ನ ಉತ್ತರಗಳನ್ನು ಪಾಠಕ್ಕೆ ಹೋಗುವ ಮೊದಲು ಅಧ್ಯಾಪಕರು ನೋಡಬೇಕು. ಮೂವತ್ತು ಜನ 0.8 ಒತ್ತಿದ್ದರೆ ಅಂದಿನ ಮೊದಲ ಹತ್ತು ನಿಮಿಷ ಸೂತ್ರದ ಮೇಲು ಕೆಳಗಿಗೇ ಹೋಗಬೇಕು. ಎಲ್ಲರೂ ಸರಿ ಒತ್ತಿದ್ದರೆ ಆ ಭಾಗವನ್ನು ಬಿಟ್ಟು ಮುಂದೆ ಹೋಗಬಹುದು. ಟೊಮೆಟೊ ಬೆಲೆ ಏರಿದಾಗ ನಿಮ್ಮ ಮನೆಯಲ್ಲಿ ಏನು ಮಾಡಿದಿರಿ, ಉಪ್ಪಿನ ಬೆಲೆ ಏರಿದರೆ ಏನು ಮಾಡುತ್ತೀರಿ ಎಂದು ಚರ್ಚೆ ಮಾಡಿಸಬಹುದು. ಅದು ಯಾವ ಆ್ಯಪ್‌ನಿಂದಲೂ ಆಗದ ಕೆಲಸ.

ಪ್ರಾಂಶುಪಾಲರಿಗೆ ಒಂದು ಮಾತು. ಇಂಥ ಒಂದು ಪಾಠವನ್ನು, ಅಂದರೆ ನಾಲ್ಕೈದು ಪ್ರಶ್ನೆ, ಪ್ರತಿ ತಪ್ಪಿಗೂ ಸೂಚನೆ, ಒಂದು ಸಣ್ಣ ವಿಡಿಯೊ, ಎರಡು ಪುಟದ ಯೂನಿಕೋಡ್ ನೋಟ್ಸ್, ಇಷ್ಟನ್ನು ಸರಿಯಾಗಿ ಮಾಡಲು ಒಂದೆರಡು ದಿನ ಹಿಡಿಯುತ್ತದೆ. ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನದ ಹೊತ್ತಿಗೆ ಎಷ್ಟು ವಿಡಿಯೊ ಆಯಿತು ಎಂದು ಕೇಳಿದರೆ ಅಧ್ಯಾಪಕರು ವಿಡಿಯೊವನ್ನೇ ಮಾಡಿಕೊಡುತ್ತಾರೆ. ಅದರ ಬದಲು ಒಂದು ವಿಭಾಗದಿಂದ ಒಂದು ಸೆಮಿಸ್ಟರ್‌ಗೆ ಒಂದೇ ಪಾಠ ಕೇಳಿ. ವಿದ್ಯಾರ್ಥಿಗಳು ಪ್ರತಿವರ್ಷ ಎಡವುವ ಪಾಠ ಅದಾಗಿರಲಿ. ಅದನ್ನು ಮಾಡುವ ದಿನಗಳನ್ನು ಅವರ ಕಾರ್ಯಭಾರದಲ್ಲಿ ಸೇರಿಸಿ. ಅತಿಥಿ ಉಪನ್ಯಾಸಕರು ಮಾಡಿದರೆ ಅವರಿಗೂ ಸೇರಿಸಿ, ಪಾಠದ ಮೇಲೆ ಅವರ ಹೆಸರು ಹಾಕಿ.