ಚಕ್ರ ಬಿಚ್ಚಿದ ಮೇಲೂ ಬ್ರೇಕ್ ಡ್ರಮ್ ಬರುತ್ತಿಲ್ಲ, ಸುತ್ತಿಗೆ ಎತ್ತಬಹುದಾ?

ಪ್ರಶ್ನೆ: ಹಳೇ ಪಿಕಪ್‌ನ ಹಿಂದಿನ ಬ್ರೇಕ್ ಶೂ ಬದಲಾಯಿಸಬೇಕಿದೆ. ಚಕ್ರ ಬಿಚ್ಚಿದ್ದೇನೆ, ಆದರೆ ಡ್ರಮ್ ಜಪ್ಪಯ್ಯ ಅಂದರೂ ಹೊರಗೆ ಬರುತ್ತಿಲ್ಲ. ಸುತ್ತಿಗೆಯಲ್ಲಿ ಜೋರಾಗಿ ಹೊಡೆಯಬಹುದಾ?

ಉತ್ತರ: ಹೊಡೆಯಬಹುದು, ಆದರೆ ಈಗಲೇ ಬೇಡ. ಡ್ರಮ್ ಎಲ್ಲಿ ಹಿಡಿದುಕೊಂಡಿದೆ ಅಂತ ಮೊದಲು ಗೊತ್ತಾಗಬೇಕು. ಒಂದು ಕಡೆ ಹಿಡಿದಿದ್ದರೆ ಹೊಡೆತಕ್ಕೆ ಸಡಿಲವಾಗುತ್ತದೆ, ಇನ್ನೊಂದು ಕಡೆ ಹಿಡಿದಿದ್ದರೆ ಎಷ್ಟು ಹೊಡೆದರೂ ದಂಡ.

ಹ್ಯಾಂಡ್ ಬ್ರೇಕ್ ಬಿಟ್ಟಿದ್ದೀರಾ, ನೋಡಿ. ನಗಬೇಡಿ, ಎಷ್ಟೋ ಸಲ ಕಾರಣ ಅದೇ. ಡ್ರಮ್ಮಿನ ಒಳಗೋಡೆಗೆ ಉಜ್ಜಿ ಚಕ್ರ ನಿಲ್ಲಿಸುವುದು ಶೂಗಳು; ಹ್ಯಾಂಡ್ ಬ್ರೇಕ್ ಒತ್ತುವುದು ಇದೇ ಹಿಂದಿನ ಶೂಗಳನ್ನು. ಅದನ್ನು ಬಿಡಬೇಕು, ಗೇರ್ ನ್ಯೂಟ್ರಲ್‌ನಲ್ಲಿರಬೇಕು. ಅಂದರೆ ಗಾಡಿಯನ್ನು ತಡೆಯುವುದು ಏನೂ ಉಳಿಯುವುದಿಲ್ಲ. ಹಾಗಾಗಿ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಎರಡೂ ಕಡೆ ಕಲ್ಲು ಅಥವಾ ಮರದ ತುಂಡು ಅಡ್ಡ ಕೊಡಿ. ಹಿಂಭಾಗ ಸ್ಟ್ಯಾಂಡ್ ಮೇಲೆ ಕೂತಿರಲಿ, ಬರೀ ಜಾಕ್ ನಂಬಬೇಡಿ. ಸ್ಟಡ್‌ಗಳ (ಚಕ್ರದ ನಟ್ ಕೂರುವ ಬೋಲ್ಟ್‌ಗಳು) ಮೇಲೆ ತೆಳುವಾದ ತಗಡಿನ ಕ್ಲಿಪ್, ಡ್ರಮ್ ಮುಖದಲ್ಲಿ ಸಣ್ಣ ಸ್ಕ್ರೂ ಇದ್ದರೆ ತೆಗೆಯಿರಿ. ಭಾರ ಹೊರುವ ಕೆಲವು ಗಾಡಿಗಳಲ್ಲಿ ಚಕ್ರದ ನಡುವೆ ಹಬ್ ಉದ್ದಕ್ಕೆ ಚಾಚಿಕೊಂಡು, ಅದರ ತುದಿಗೆ ಸುತ್ತಲೂ ಬೋಲ್ಟ್ ಇರುತ್ತದೆ. ಅಂಥ ಆಕ್ಸಲ್ ಆದರೆ ಮ್ಯಾನ್ಯುಯಲ್ ತೆರೆಯಲೇಬೇಕು. ಶಾಫ್ಟ್ ಎಳೆದು, ಹಬ್ ಸಮೇತ ಡ್ರಮ್ ತೆಗೆಯಬೇಕಾದ ಗಾಡಿಗಳೂ ಇವೆ.

ಈಗ ಅಸಲಿ ಪರೀಕ್ಷೆ. ಡ್ರಮ್ಮನ್ನು ಎರಡೂ ಕೈಯಲ್ಲಿ ಹಿಡಿದು, ಅಲ್ಲಾಡಿಸುತ್ತಾ ನಿಮ್ಮ ಕಡೆ ಎಳೆಯಿರಿ. ಸ್ವಲ್ಪ ಹೊರಗೆ ಬಂದು ಟಕ್ ಅಂತ ನಿಂತರೆ ಶೂ ತಡೆಯುತ್ತಿದೆ. ಒಂದು ಕೂದಲೆಳೆಯಷ್ಟೂ ಕದಲದಿದ್ದರೆ ಡ್ರಮ್ಮಿನ ನಡುವೆ ಹಬ್ ಕೂರುವಲ್ಲಿ ತುಕ್ಕು ಕಚ್ಚಿಕೊಂಡಿದೆ.

ಶೂ ತಡೆಯುವುದು ಯಾಕೆ? ಶೂ ಉಜ್ಜಿದ ಜಾಗ ಸವೆದು ತಗ್ಗಾಗುತ್ತದೆ. ಉಜ್ಜದ ಒಳ ಅಂಚು ಹಾಗೇ ಏಣಾಗಿ ಉಳಿಯುತ್ತದೆ, ಅದರ ಮೇಲೆ ತುಕ್ಕು ಬೇರೆ. ಸವೆದಂತೆಲ್ಲ ಅಡ್ಜಸ್ಟರ್ ಶೂಗಳನ್ನು ಹೊರಗೆ ತಳ್ಳುತ್ತಾ ಬಂದಿರುವುದರಿಂದ ಅವು ಆ ತಗ್ಗಿನಲ್ಲಿ ಕೂತಿರುತ್ತವೆ. ಎಳೆದರೆ ಆ ಉಬ್ಬಿದ ಅಂಚಿಗೆ ಸಿಕ್ಕಿಕೊಳ್ಳುತ್ತವೆ. ಇಲ್ಲಿ ಸುತ್ತಿಗೆ ಬಳಸಿದರೆ ಸ್ಪ್ರಿಂಗು, ಪಿನ್ನು ಮುರಿಯುತ್ತವೆ ಅಷ್ಟೇ. ಮಾಡಬೇಕಾದ್ದು ಅಡ್ಜಸ್ಟರ್ ಸಡಿಲ ಮಾಡುವುದು. ಬ್ಯಾಕ್ ಪ್ಲೇಟ್ (ಡ್ರಮ್ಮಿನ ಹಿಂಬದಿ ಮುಚ್ಚಿರುವ ತಗಡು) ಹಿಂದೆ ರಬ್ಬರ್ ಬಿರಡೆ ಹಾಕಿದ ಸಣ್ಣ ಸಂದು ಇರುತ್ತದೆ, ಕೆಲವದರಲ್ಲಿ ಡ್ರಮ್ ಮುಖದಲ್ಲೇ ಇರುತ್ತದೆ. ಟಾರ್ಚ್ ಬಿಟ್ಟರೆ ಅಡ್ಜಸ್ಟರಿನ ಹಲ್ಲಿನ ಚಕ್ರ ಕಾಣಿಸುತ್ತದೆ. ಅದಕ್ಕೊಂದು ಸಣ್ಣ ಸನ್ನೆ (ಲಿವರ್) ಒರಗಿಕೊಂಡು, ಹಿಮ್ಮುಖ ತಿರುಗದಂತೆ ತಡೆಯುತ್ತಿರುತ್ತದೆ. ಒಂದು ತೆಳು ಸ್ಕ್ರೂಡ್ರೈವರ್‌ನಿಂದ ಸನ್ನೆಯನ್ನು ದೂರ ಸರಿಸಿ ಹಿಡಿಯಿರಿ, ಇನ್ನೊಂದರಿಂದ ಒಂದೊಂದೇ ಹಲ್ಲು ತಿರುಗಿಸಿ. ಎರಡು ಕೈ ಸಾಲದು ಅನ್ನಿಸುತ್ತದೆ, ನಿಜ. ನಡುನಡುವೆ ಡ್ರಮ್ ತಿರುಗಿಸಿ ನೋಡಿ. ಬಿಗಿಯಾಗುತ್ತಿದ್ದರೆ ದಿಕ್ಕು ಉಲ್ಟಾ ಆಗಿದೆ.

ಅಡ್ಜಸ್ಟರೂ ತುಕ್ಕು ಹಿಡಿದು ಕೂತಿದ್ದರೆ ಕೊನೇ ದಾರಿ ಒಂದಿದೆ. ಶೂ ಹಿಡಿದಿರುವ ಪಿನ್‌ಗಳ ತಲೆ ಬ್ಯಾಕ್ ಪ್ಲೇಟ್ ಹಿಂದೆ ಕಾಣುತ್ತದೆ. ಅದನ್ನು ಕತ್ತರಿಸಿದರೆ ಶೂ ಹಿಡಿತ ತಪ್ಪುತ್ತದೆ, ಡ್ರಮ್ ಎಳೆಯಲು ಬರುತ್ತದೆ. ಪಿನ್, ಸ್ಪ್ರಿಂಗ್ ಹೊಸದು ಹಾಕಿ.

ತುಕ್ಕು ಕಚ್ಚಿದ್ದರೆ ಡ್ರಮ್ಮಿನ ನಡುವೆ ಹಬ್ ಸುತ್ತ ವೈರ್ ಬ್ರಷ್‌ನಿಂದ ಉಜ್ಜಿ. ಅಲ್ಲಿಗೂ ಪ್ರತಿ ಸ್ಟಡ್ ಬುಡಕ್ಕೂ ತುಕ್ಕು ಬಿಡಿಸುವ ಎಣ್ಣೆ ಹಾಕಿ, ಸಾಧ್ಯವಾದರೆ ರಾತ್ರಿಯಿಡೀ ಬಿಡಿ. ಎಷ್ಟೋ ಡ್ರಮ್‌ಗಳ ಮುಖದಲ್ಲಿ ಒಳಗೆ ಥ್ರೆಡ್ ಇರುವ ಎರಡು ತೂತು ಇರುತ್ತವೆ, ಸಾಮಾನ್ಯವಾಗಿ 8 ಎಂಎಂ ಬೋಲ್ಟ್‌ಗೆ. ಬೋಲ್ಟ್ ಹಾಕಿ ಅರ್ಧರ್ಧ ಸುತ್ತು ಬದಲಿಸುತ್ತಾ ಬಿಗಿಮಾಡಿದರೆ ಡ್ರಮ್ ತಾನೇ ಹೊರಗೆ ತಳ್ಳಿಸಿಕೊಳ್ಳುತ್ತದೆ. ಇದು ನನಗೆ ಸುತ್ತಿಗೆಗಿಂತ ಜಾಸ್ತಿ ಇಷ್ಟ.

ತೂತು ಇಲ್ವಾ? ಈಗ ಸುತ್ತಿಗೆ ಎತ್ತಿ. ಸ್ಟಡ್‌ಗಳ ನಡುವಿನ ಚಪ್ಪಟೆ ಮುಖಕ್ಕೆ ಹೊಡೆಯಿರಿ, ಡ್ರಮ್ ತಿರುಗಿಸುತ್ತಾ ಎಲ್ಲ ಕಡೆ. ಅಂಚಿಗೆ ಹೊಡೆಯಬೇಡಿ, ಅದು ಎರಕದ ಕಬ್ಬಿಣ, ಚೂರಾಗಿ ಹಾರುತ್ತದೆ. ಕನ್ನಡಕ ಹಾಕಿರಿ. ಹಿಂದಿನಿಂದ ಮೀಟಿದರೆ ಬ್ಯಾಕ್ ಪ್ಲೇಟ್ ಸೊಟ್ಟಗಾಗುತ್ತದೆ. ಗ್ಯಾಸ್ ಟಾರ್ಚ್ ಹಿಡಿಯುವ ಆಸೆ ಬಿಡಿ. ಆಕ್ಸಲ್ ಸೀಲು, ವೀಲ್ ಸಿಲಿಂಡರ್ ರಬ್ಬರು ಪಕ್ಕದಲ್ಲೇ ಇವೆ. ಕೆಲವು ಬ್ರೇಕ್ ಕ್ಲೀನರ್‌ಗಳಂತೂ ಬೆಂಕಿ ತಾಗಿದರೆ ವಿಷದ ಹೊಗೆ ಬಿಡುತ್ತವೆ.

ಡ್ರಮ್ ಬಂದ ಕೂಡಲೇ ಒಳಗಿನ ಧೂಳನ್ನು ಊದಬೇಡಿ. ಹಳೇ ಶೂಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಮಾಡಿ ಒರೆಸಿ. ಬ್ರೇಕ್ ಪೆಡಲ್ ಯಾರೂ ಒತ್ತದಂತೆ ನೋಡಿ, ಒತ್ತಿದರೆ ಸಿಲಿಂಡರಿನ ಪಿಸ್ಟನ್ ಹೊರಗೆ ಬಂದುಬಿಡುತ್ತದೆ. ಡ್ರಮ್ ಮೇಲೆ ಗರಿಷ್ಠ ವ್ಯಾಸ ಅಚ್ಚಾಗಿರುತ್ತದೆ. ಅದನ್ನು ಮೀರಿ ಸವೆದಿದ್ದರೆ ಲೇತ್‌ಗೆ ಒಯ್ಯಬೇಡಿ, ಬಿಸಾಕಿ.

ಒಂದು ಕಡೆಯದು ಪೂರ್ತಿ ಜೋಡಿಸುವವರೆಗೆ ಇನ್ನೊಂದು ಕಡೆಯ ಶೂ, ಸ್ಪ್ರಿಂಗ್ ಬಿಚ್ಚಬೇಡಿ. ಯಾವ ಸ್ಪ್ರಿಂಗ್ ಎಲ್ಲಿತ್ತು ಅಂತ ತಲೆ ಕೆಟ್ಟಾಗ ಆ ಕಡೆ ಹೋಗಿ ನೋಡಬಹುದು. ಎಡಬಲ ಅದಲುಬದಲು ಇರುತ್ತದೆ ಅನ್ನೋದು ನೆನಪಿರಲಿ.