ಸೊನ್ನೆ ಹಾಕಿದ ನಿಮಿಷಗಳು

ಹಾಸ್ಯ ಧಾರಾವಾಹಿಯ ಒಂದು ಸೀಸನ್ ನೋಡಿ ಹೇಗಿದೆ ಹೇಳಿ ಅಂದರೆ, ನನ್ನ ಬಳಿ ಸ್ಕ್ರಿಪ್ಟ್ ಕಲಿಯಲು ಬರುವ ಮಕ್ಕಳು ಲೆಕ್ಕದ ಪಟ್ಟಿ ತರುತ್ತಾರೆ. ಯಾವ ಕಂತಿನಲ್ಲಿ ಎಷ್ಟು ನಗು, ನಿಮಿಷಕ್ಕೆ ಸರಾಸರಿ ಎಷ್ಟು, ಯಾರ ಪಂಚ್‌ಗೆ ಜನ ಜಾಸ್ತಿ ನಕ್ಕರು. ಒಬ್ಬ ಹುಡುಗ ಅಮೆರಿಕದ ‘ಚಿಯರ್ಸ್’ ಮೊದಲ ಸೀಸನ್ನಿಗೆ ಎಕ್ಸೆಲ್‌ನಲ್ಲಿ ಬಣ್ಣ ಬಳಿದು ತಂದಿದ್ದ. ಅವನ ಶ್ರಮ ಕಂಡು ಬೈಯುವ ಮನಸ್ಸಾಗಲಿಲ್ಲ. “ಯಾರೂ ನಗದೇ ಇದ್ದ ಜಾಗ ಎಲ್ಲಿ ಗುರುತು ಮಾಡಿದೀಯಪ್ಪಾ?” ಅಂದೆ. “ಸರ್, ಅದು ವೀಕ್ ಸ್ಪಾಟ್ ಅಲ್ವಾ, ಸೊನ್ನೆ ಹಾಕಿದೀನಿ” ಅಂದ.

ಒಗ್ಗರಣೆಯ ಸಾಸಿವೆ ಎಣಿಸಿ ಸಾರಿನ ರುಚಿ ಹೇಳುವ ಕೆಲಸ ಇದು. ಎಣಿಕೆಗೆ ಬೆಲೆಯೇ ಇಲ್ಲ ಅನ್ನುತ್ತಿಲ್ಲ. ನಗುವೇ ಬಾರದ ಸಿಟ್‌ಕಾಮ್ ಕಟ್ಟಿಕೊಂಡು ಯಾರಿಗೇನು? ಆದರೆ ಸೀಸನ್ ಗಟ್ಟಿಯೋ ಜೊಳ್ಳೋ ಅನ್ನುವುದು ನನಗೆ ಗೊತ್ತಾಗುವುದು ಆ ಸೊನ್ನೆಗಳಲ್ಲೇ.

‘ಚಿಯರ್ಸ್’ ಶುರುವಾಗಿದ್ದು 1982ರ ಸೆಪ್ಟೆಂಬರ್ 30ರಂದು, ಎನ್‌ಬಿಸಿ ವಾಹಿನಿಯಲ್ಲಿ. ಬಾಸ್ಟನ್ ನಗರದ ಒಂದು ಬಾರು. ಮಾಲೀಕ ಸ್ಯಾಮ್ ಮಲೋನ್ ಹಿಂದೆ ರೆಡ್ ಸಾಕ್ಸ್ ಬೇಸ್‌ಬಾಲ್ ತಂಡದ ಪಿಚರ್, ಅಂದರೆ ಚೆಂಡು ಎಸೆಯುವವನು, ಕುಡಿತದ ಚಟದಿಂದ ಆಟ ಕಳೆದುಕೊಂಡು ಈಗ ಕುಡಿತ ಬಿಟ್ಟವನು. ಮದುವೆಯಾಗಬೇಕಿದ್ದ ಪ್ರೊಫೆಸರು ಕೈಕೊಟ್ಟು ಹೋದ ಮೇಲೆ ಡಯಾನ್ ಎಂಬ ಓದಿದ ಹುಡುಗಿ ಅಲ್ಲೇ ವೇಟ್ರೆಸ್ ಆಗುತ್ತಾಳೆ. 22 ಕಂತುಗಳಲ್ಲಿ ಕಥೆ ಆ ಬಾರನ್ನು ಬಿಟ್ಟು ಆಚೆ ಹೋಗುವುದೇ ಇಲ್ಲ. ರೇಟಿಂಗ್ ಪಟ್ಟಿಯ ತಳದಲ್ಲಿ ಬಿದ್ದಿತ್ತು. ಆದರೂ ವಾಹಿನಿಯವರು ನಿಲ್ಲಿಸಲಿಲ್ಲ, 1983ರಲ್ಲಿ ಅತ್ಯುತ್ತಮ ಹಾಸ್ಯ ಸರಣಿಗೆ ಕೊಡುವ ಎಮ್ಮಿ, ಅಂದರೆ ಅಮೆರಿಕದ ದೊಡ್ಡ ಟಿವಿ ಪ್ರಶಸ್ತಿ, ಬಂತು, 1993ರವರೆಗೆ 11 ಸೀಸನ್ ನಡೆಯಿತು. ಇಷ್ಟು ಸಾಕು, ಉಳಿದದ್ದು ಎಲ್ಲ ಕಡೆ ಸಿಗುತ್ತದೆ.

ಚಿತ್ರೀಕರಣ ಹೇಗೆ ನಡೆಯುತ್ತಿತ್ತು ಅನ್ನುವುದು ಮಾತ್ರ ತಲೆಯಲ್ಲಿರಲಿ. ಎದುರಿಗೆ ಪ್ರೇಕ್ಷಕರು, ಒಟ್ಟೊಟ್ಟಿಗೆ ಓಡುವ ಹಲವು ಫಿಲಂ ಕ್ಯಾಮೆರಾಗಳು. ನಿರ್ದೇಶಕ ಜೇಮ್ಸ್ ಬರೋಸ್ ಮಾನಿಟರ್ ನೋಡುವುದಕ್ಕಿಂತ ಅತ್ತಿತ್ತ ಓಡಾಡುತ್ತ ದೃಶ್ಯವನ್ನು ಕಿವಿಯಲ್ಲೇ ಅಳೆಯುವುದಕ್ಕೆ ಹೆಸರಾದವರು. ನಟರು ನಗು ಇಳಿಯುವ ತನಕ ಕಾದು ಮುಂದಿನ ಮಾತು ಆಡಬೇಕು. ಇನ್ನೊಂದು ವಿಷಯ: ಇಂಥ ಸರಣಿಗಳಲ್ಲಿ ಆಮೇಲೆ ಧ್ವನಿ ಮಿಶ್ರಣದ ಮೇಜಿನಲ್ಲಿ ನಗುವನ್ನು ಒಂದಿಷ್ಟು ಏರಿಸುವುದು, ಕತ್ತರಿಸುವುದು ಆ ಕಾಲದ ಮಾಮೂಲು. ಹಾಗಾಗಿ ನೀವು ಎಣಿಸುವ ನಗುವೆಲ್ಲ ಸಭಿಕರದ್ದೇ ಅಂತ ನಾನು ಸಹಿ ಹಾಕಿ ಕೊಡಲಾರೆ.

ಈಗ ಹುಡುಗ ಸೊನ್ನೆ ಹಾಕಿದ್ದ ಜಾಗಕ್ಕೆ ಬನ್ನಿ. ಐದನೇ ಕಂತು, ‘ಕೋಚ್ಸ್ ಡಾಟರ್’. ಬಾರಿನಲ್ಲಿ ಕೆಲಸ ಮಾಡುವ, ಎಲ್ಲರೂ ‘ಕೋಚ್’ ಅಂತಲೇ ಕರೆಯುವ ಮುದುಕನಿಗೆ ಯಾವ ಮಾತೂ ನೆಟ್ಟಗೆ ಅರ್ಥವಾಗುವುದಿಲ್ಲ. ನಾಲ್ಕು ಕಂತುಗಳುದ್ದಕ್ಕೂ ನಾವು ನಕ್ಕಿರುವುದು ಅದಕ್ಕೇ. ಮಗಳು ಲೀಸಾ ಒಬ್ಬ ಒರಟು ಸೇಲ್ಸ್‌ಮನ್‌ನನ್ನು ಮದುವೆಯಾಗಲು ಹೊರಟಿದ್ದಾಳೆ; ಬೇರೆ ಯಾರೂ ಕೇಳಿಲ್ಲ ಅನ್ನುವುದೇ ಕಾರಣ. ನೀನು ಚೆಲುವೆ ಅನ್ನುತ್ತಾನೆ ಅಪ್ಪ. ಅಪ್ಪನ ಕಣ್ಣಿಂದ ಬೇಡ, ಸರಿಯಾಗಿ ನೋಡು ಅನ್ನುತ್ತಾಳೆ ಮಗಳು. ಅವನು ನೋಡುತ್ತಾನೆ, ಬೆರಗಾಗುತ್ತಾನೆ: ನೀನು ಥೇಟ್ ನಿಮ್ಮಮ್ಮನ ಹಾಗಿದ್ದೀಯಲ್ಲ! ಹೌದು, ಅಮ್ಮನ ಹಾಗೇ, ಅಮ್ಮ ಯಾವತ್ತೂ... ಅಂತ ಶುರುಮಾಡಿದ ಲೀಸಾ ತಡೆಯುತ್ತಾಳೆ. ‘ಚೆಲುವೆಯಾಗಿರಲಿಲ್ಲ’ ಅನ್ನುವುದನ್ನು ಅಪ್ಪನ ಮುಖ ನೋಡಿಕೊಂಡು ನುಂಗಿ, ಅಮ್ಮನಿಗೆ ತನ್ನ ಚೆಲುವಿನ ಬಗ್ಗೆ ಸಂಕೋಚವಿತ್ತು ಅಂತ ತಿರುಗಿಸುತ್ತಾಳೆ.

ಇಲ್ಲಿ ಕೋಚ್ ಏನೂ ಬದಲಾಗಿಲ್ಲ, ಗಮನಿಸಿ. ಜಾಣನಾಗಲಿಲ್ಲ, ಭಾಷಣ ಬಿಗಿಯಲಿಲ್ಲ. ಊರಿಗೆಲ್ಲ ಕಾಣುವುದು ತನಗೆ ಕಾಣದ ಅದೇ ಮೊದ್ದುತನ, ಇಷ್ಟು ಹೊತ್ತು ನಗಿಸಿದ್ದು, ಈಗ ಮಗಳನ್ನು ಉಳಿಸುತ್ತದೆ. ನಾನು ಎಷ್ಟು ಸಲ ಹೇಳಿದರೂ ಜನ ತಪ್ಪು ತಿಳಿಯುವುದು ಇದನ್ನೇ. “ಓಹೋ, ಕಾಮಿಡಿಯಲ್ಲಿ ಸ್ವಲ್ಪ ಸೆಂಟಿಮೆಂಟ್ ಬೇಕು” ಅಂತ ತಲೆಯಾಡಿಸಿ, ಮುಂದಿನ ವಾರ ಹಾರ್ಟ್ ಅಟ್ಯಾಕ್ ಬರೆದುಕೊಂಡು ಬರುತ್ತಾರೆ. ಅಲ್ಲ ಸ್ವಾಮಿ! ಹೊರಗಿನಿಂದ ತಂದ ಅಳುವಿಗೂ ಒಳಗಿನಿಂದ ಬಂದ ಮೌನಕ್ಕೂ ಬಹಳ ದೂರ. ನಗಿಸಿದ ಗುಣವೇ ಮೌನವನ್ನೂ ತಂದಿದ್ದರೆ ಪಾತ್ರ ಇದೆ ಅಂತ ಅರ್ಥ. ಬೇರೆಯ ಗುಣವನ್ನು ಆ ಹೊತ್ತಿಗಷ್ಟೇ ಎರವಲು ತಂದಿದ್ದರೆ, ಇಲ್ಲ.

ಹತ್ತನೇ ಕಂತು ‘ಎಂಡ್‌ಲೆಸ್ ಸ್ಲಂಪರ್’ ಕೂಡ ಹೀಗೇ. ಸ್ಯಾಮ್ ಜೋಪಾನ ಮಾಡಿಟ್ಟ ಬಾಟಲಿ ಮುಚ್ಚಳವನ್ನು ಆಟ ಕೈಕೊಟ್ಟ ಒಬ್ಬ ಪಿಚರ್‌ಗೆ ಎರವಲು ಕೊಡುತ್ತಾನೆ, ಅವನು ಕಳೆದುಹಾಕುತ್ತಾನೆ. ಆಟಗಾರರ ಮೂಢನಂಬಿಕೆ ಅಂತ ನಕ್ಕಿರುತ್ತೇವೆ. ಅದು ಅವನು ಕುಡಿದ ಕೊನೆಯ ಬಿಯರ್‌ನ ಮುಚ್ಚಳ. ಕಡೆಗೆ ಒಂದು ಬಾಟಲಿ ತೆಗೆದು ಗ್ಲಾಸಿಗೆ ಬಗ್ಗಿಸುತ್ತಾನೆ. ಡಯಾನ್ ಎದುರಿಗೇ ಇದ್ದಾಳೆ. ಗ್ಲಾಸನ್ನು ಕೌಂಟರಿನ ಮೇಲೆ ಜಾರಿಸಿಬಿಡುತ್ತಾನೆ, ಹೊಸ ಮುಚ್ಚಳ ಇಟ್ಟುಕೊಳ್ಳುತ್ತಾನೆ. ಪಟ್ಟಿಯಲ್ಲಿ ಇದಕ್ಕೂ ಸೊನ್ನೆ.

ಹಾಗಂತ ಈ ಸೀಸನ್ ಅಪರಂಜಿ ಏನಲ್ಲ. ಡಯಾನ್ ಓದಿದವಳು ಅನ್ನುವ ಒಂದೇ ತಮಾಷೆಯನ್ನು ಹಿಂಡಿ ಹಿಂಡಿ ಸಿಪ್ಪೆ ಮಾಡಿದ್ದಾರೆ. ವೇಟ್ರೆಸ್‌ಗಳ ಸೌಂದರ್ಯ ಸ್ಪರ್ಧೆಯ ಕಂತು ಇಂದು ನೋಡಲು ಕಸಿವಿಸಿ. ಮೋಸಗಾರನ ಇಸ್ಪೀಟಿನ ಕಂತಿನಲ್ಲಿ ಕಥೆ ಚುರುಕು, ಜನರ ಬಗ್ಗೆ ಹೊಸದೇನೂ ತಿಳಿಯುವುದಿಲ್ಲ. ಸ್ಯಾಮ್‌ನ ಹಳೆಯ ಗೆಳೆಯ ತಾನು ಸಲಿಂಗಿ ಅನ್ನುವ ‘ಬಾಯ್ಸ್ ಇನ್ ದಿ ಬಾರ್’ ಬಗ್ಗೆ ಒಮ್ಮತ ಕಷ್ಟ. ನನ್ನ ಮಟ್ಟಿಗೆ ಅದು ಗೆದ್ದಿದೆ, ಏಕೆಂದರೆ ನಗು ಬೀಳುವುದು ಬಂದವನ ಮೇಲಲ್ಲ, ಹೆದರಿ ಗುಂಪು ಕಟ್ಟಿದ ಗಿರಾಕಿಗಳ ಮೇಲೆ.

ಸ್ಯಾಮ್ ಮತ್ತು ಡಯಾನ್ ಜಗಳವಾಡಿ ಮುತ್ತಿಟ್ಟುಕೊಳ್ಳುವ ಕೊನೆಯ ಕಂತನ್ನೇ ಎಲ್ಲರೂ ಎತ್ತಿ ಹಿಡಿಯುತ್ತಾರೆ, ಬರೋಸ್‌ಗೆ ನಿರ್ದೇಶನದ ಎಮ್ಮಿ ಬಂದದ್ದೂ ಅದಕ್ಕೇ. ನಾನಾದರೆ ಅದನ್ನು ಕೋಚ್‌ನ ಕಂತಿಗಿಂತ ಒಂದು ಮೆಟ್ಟಿಲು ಕೆಳಗಿಡುತ್ತೇನೆ. ಜಗಳ ಚೆನ್ನಾಗಿದೆ, ಆದರೆ ಮುತ್ತು ಬರುತ್ತದೆ ಅಂತ ಮೊದಲ ಕಂತಿನಲ್ಲೇ ಗೊತ್ತಿತ್ತು. ಲೀಸಾ ಆ ಮಾತು ನುಂಗುತ್ತಾಳೆ ಅಂತ ನನಗೆ ಗೊತ್ತಿರಲಿಲ್ಲ.