ಕಟ್ಟೆ ಎಷ್ಟು ಅಡಿ ಗೊತ್ತು, ನೀರಿನ ಉಸಿರು ಎಷ್ಟು?

ಮಳೆಗಾಲ ಬಂತೆಂದರೆ ಮಂಡ್ಯ ಕಡೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ‘ಕಟ್ಟೆ ಎಷ್ಟು ಅಡಿ ಆಯ್ತು?’ ಕನ್ನಂಬಾಡಿಯ ಗರಿಷ್ಠ ಮಟ್ಟ 124.80 ಅಡಿ ಅಂತ ಶಾಲೆ ಮಕ್ಕಳೂ ಹೇಳುತ್ತಾರೆ. ಒಳಹರಿವು, ಹೊರಹರಿವು ಪತ್ರಿಕೆಯಲ್ಲಿ ದಿನಾ ಬರುತ್ತವೆ. ಆದರೆ ಆ ನೀರು ಹೇಗಿದೆ? ಕ್ಯುಸೆಕ್ ಲೆಕ್ಕದ ಪಕ್ಕದಲ್ಲೇ ಇನ್ನೊಂದು ಅಂಕಿಯೂ ದಿನಾ ಬರಬೇಕು ಅನ್ನುವುದು ನನ್ನ ಹಟ. ಅದು ನೀರಿನಲ್ಲಿ ಕರಗಿರುವ ಆಮ್ಲಜನಕ.

ಕೆರೆಯಲ್ಲಿ ಬೆಳಗಾಗುವಷ್ಟರಲ್ಲಿ ಮೀನು ಸತ್ತು ತೇಲಿದರೆ ‘ಯಾರೋ ವಿಷ ಹಾಕಿದ್ದಾರೆ’ ಅನ್ನುತ್ತೇವೆ. ಊರಿಗೆ ಕೇಡಿನ ಸೂಚನೆ ಅನ್ನುವವರೂ ಇದ್ದಾರೆ. ಇಂಥ ಮಾತು ಕೇಳಿದಾಗ ನನಗೆ ಸಂಕಟವಾಗುತ್ತದೆ, ಏಕೆಂದರೆ ನಿಜವಾದ ಕಾರಣ ಅಲ್ಲೇ ಮುಚ್ಚಿಹೋಗುತ್ತದೆ. ವಿಷ ಹಾಕುವುದೂ ಉಂಟು. ಆದರೆ ಬಹಳ ಸಲ ಮೀನು ಸಾಯುವುದು ಉಸಿರುಕಟ್ಟಿ. ಚರಂಡಿ ನೀರು ಸೇರಿದ ಕೆರೆಯಲ್ಲಿ ಪಾಚಿ ಕೊಬ್ಬುತ್ತದೆ. ಹಗಲು ಬಿಸಿಲಿದ್ದಾಗ ಅದೇ ಆಮ್ಲಜನಕ ಬಿಡುತ್ತದೆ. ರಾತ್ರಿ ಪಾಚಿಯೂ ಉಸಿರಾಡಬೇಕು, ಕೊಳೆ ತಿನ್ನುವ ಬ್ಯಾಕ್ಟೀರಿಯಾಗಳೂ ಉಸಿರಾಡಬೇಕು. ಮೀನಿಗೆ ಉಳಿಯುವುದು ಏನು? ಸೂರ್ಯ ಹುಟ್ಟುವ ಹೊತ್ತಿಗೆ ನೀರಿನ ಉಸಿರು ತಳ ಕಂಡಿರುತ್ತದೆ.

25 ಡಿಗ್ರಿ ಬಿಸಿ ಇರುವ ಶುದ್ಧ ನೀರು ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳುತ್ತದೆ. ಬೇಸಿಗೆಯಲ್ಲಿ ಇನ್ನೂ ಕಮ್ಮಿ. ಮೀನುಗಾರಿಕೆಗೆ ಕನಿಷ್ಠ 4, ಸ್ನಾನಕ್ಕೆ ಕನಿಷ್ಠ 5 ಇರಬೇಕು ಅನ್ನುತ್ತದೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ. ಈಗ ಯೋಚಿಸಿ, ತಿಂಗಳಿಗೊಮ್ಮೆ ಮಧ್ಯಾಹ್ನ ಬಂದು ಬಾಟಲಿ ತುಂಬಿಕೊಂಡು ಹೋದರೆ ಏನು ಸಿಗುತ್ತದೆ? ಪಾಚಿ ತುಂಬಿದ ಕೆರೆಯೂ ಆ ಹೊತ್ತಿನಲ್ಲಿ ಆರೋಗ್ಯವಂತನ ಹಾಗೆ ಕಾಣುತ್ತದೆ.

1888ರಲ್ಲಿ ಹಂಗೇರಿಯ ರಸಾಯನ ವಿಜ್ಞಾನಿ ವಿಂಕ್ಲರ್ ಬಾಟಲಿಯಲ್ಲೇ ರಾಸಾಯನಿಕ ಹಾಕಿ ಆಮ್ಲಜನಕ ಅಳೆಯುವುದನ್ನು ತೋರಿಸಿಕೊಟ್ಟ. ಇವತ್ತಿಗೂ ಲ್ಯಾಬುಗಳಲ್ಲಿ ಆ ವಿಧಾನ ಇದೆ, ಅಷ್ಟು ಗಟ್ಟಿ. ಆದರೆ ಅದು ಹೇಳುವುದು ಆ ಒಂದು ಕ್ಷಣದ ಕಥೆ ಮಾತ್ರ.

ಆಮ್ಲಜನಕ ಅಳೆಯುವ ಇಂದಿನ ಸಂವೇದಕ (ಸೆನ್ಸರ್) ಹಗಲು ರಾತ್ರಿ ನೀರಲ್ಲೇ ಮುಳುಗಿರುತ್ತದೆ. ಅದರ ತುದಿಯಲ್ಲಿ ಒಂದು ಬಣ್ಣದ ಪೊರೆ. ಅದರ ಮೇಲೆ ನೀಲಿ ಬೆಳಕು ಮಿಂಚಿಸಿದರೆ ಅದು ಕೆಂಪಾಗಿ ಹೊಳೆದು ಆರುತ್ತದೆ. ಆಮ್ಲಜನಕದ ಅಣು ತಾಗಿದರೆ ಹೊಳಪಿನ ಶಕ್ತಿಯನ್ನು ಕಿತ್ತುಕೊಂಡು ಹೋಗುತ್ತದೆ. ಕಾದ ಕಾವಲಿಗೆ ನೀರು ಚಿಮುಕಿಸಿದ ಹಾಗೆ: ಹನಿ ಜಾಸ್ತಿಯಾದಷ್ಟೂ ಬೇಗ ಆರುತ್ತದೆ. ಎಷ್ಟು ಬೇಗ ಆರಿತು ಅನ್ನುವುದನ್ನು ಉಪಕರಣ ಮೈಕ್ರೋಸೆಕೆಂಡುಗಳಲ್ಲಿ ಅಳೆದು ಆಮ್ಲಜನಕ ಎಷ್ಟಿದೆ ಅಂತ ಹೇಳುತ್ತದೆ. ಎಷ್ಟು ಹೊಳೆಯಿತು ಅಂತ ಅಳೆದಿದ್ದರೆ ಬಣ್ಣ ಸ್ವಲ್ಪ ಮಾಸಿದರೂ ಲೆಕ್ಕ ತಪ್ಪುತ್ತಿತ್ತು. ಎಷ್ಟು ಹೊತ್ತು ಹೊಳೆಯಿತು ಅಂತ ಅಳೆಯುವುದರಿಂದ ಆ ತೊಂದರೆ ಬಹಳ ಕಮ್ಮಿ. ಈ ಜಾಣತನ ನನಗೆ ಬಲು ಇಷ್ಟ. ಹಾಗಂತ ಮರೆತುಬಿಡುವಂತಿಲ್ಲ. ಲೋಳೆ ಕಟ್ಟಿದರೆ ಸಂವೇದಕವೂ ಸುಳ್ಳು ಹೇಳುತ್ತದೆ, ಆಗಾಗ ಒರೆಸಲೇಬೇಕು.

ಮುನ್ನೆಚ್ಚರಿಕೆಯ ಬೆಲೆ ಯುರೋಪಿಗೆ ತಿಳಿದದ್ದು ದೊಡ್ಡ ಪೆಟ್ಟು ತಿಂದ ಮೇಲೆ. 1986ರ ನವೆಂಬರ್ 1ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ಹತ್ತಿರ ರಾಸಾಯನಿಕಗಳ ಗೋದಾಮಿಗೆ ಬೆಂಕಿ ಬಿತ್ತು. ಆರಿಸಲು ಹಾಯಿಸಿದ ನೀರು ಕೀಟನಾಶಕಗಳನ್ನು ರೈನ್ ನದಿಗೆ ಒಯ್ಯಿತು. ನೂರಾರು ಕಿಲೋಮೀಟರ್ ಕೆಳಗಿನವರೆಗೆ ಹಾವುಮೀನುಗಳು ಸತ್ತವು. ಆಮೇಲೆ ಅಲ್ಲಿ ಕಾವಲು ಬಿಗಿಯಾಯಿತು. ಪೋಲೆಂಡಿನ ವಾರ್ಸಾದಲ್ಲಂತೂ ಕುಡಿಯುವ ನೀರಿಗೆ ಕಪ್ಪೆಚಿಪ್ಪುಗಳೇ ಕಾವಲು! ನೀರು ಕೆಟ್ಟರೆ ಅವು ಬಾಯಿ ಮುಚ್ಚುತ್ತವೆ, ಚಿಪ್ಪಿಗೆ ಅಂಟಿಸಿದ ಸಂವೇದಕ ಸುದ್ದಿ ಮುಟ್ಟಿಸುತ್ತದೆ.

ನಮ್ಮ ಕಾವೇರಿಯೂ ಸುಮ್ನೆ ಹರಿಯುವ ನದಿಯಲ್ಲ. ಮೈಸೂರಿನ ನೀರು ಹೊಂಗಳ್ಳಿ, ಮೇಳಾಪುರದಿಂದ. ಬೆಂಗಳೂರಿನ ನೀರು ಮಳವಳ್ಳಿ ಕಡೆಯ ತೊರೆಕಾಡನಹಳ್ಳಿಯಿಂದ. ‘ಹರಿಯೋ ನೀರು ತಾನೇ ಶುದ್ಧ ಆಗುತ್ತೆ’ ಅಂತ ಸಮಾಧಾನ ಮಾಡಿಕೊಳ್ಳುವವರು ಗಮನಿಸಬೇಕು, ಶುದ್ಧವಾಗಲು ನದಿ ಖರ್ಚು ಮಾಡುವುದೇ ಈ ಆಮ್ಲಜನಕವನ್ನು. ಮೇಲಿನ ಕಡೆ ಸಂವೇದಕ ಇದ್ದರೆ ಕೊಳೆ ಹರಿದು ಬರುವಷ್ಟು ಹೊತ್ತು ಕೆಳಗಿನ ಪಂಪ್‌ಹೌಸಿಗೆ ಸಿಗುತ್ತದೆ. ಒಂದೇ ಅಂಕಿ ನಂಬಿ ಪಂಪು ನಿಲ್ಲಿಸಬೇಕಿಲ್ಲ. ಆಮ್ಲಜನಕ ಇಳಿದು, ಅದೇ ಹೊತ್ತಿಗೆ ಉಪ್ಪಿನಂಶ ಏರಿ, ನೀರು ಕದಡಿದರೆ ಸಂಶಯ ಗಟ್ಟಿ. ಆ ಗಳಿಗೆಯಲ್ಲೇ ಯಂತ್ರ ತಾನಾಗಿ ಒಂದು ಬಾಟಲಿ ನೀರು ತುಂಬಿಡುವಂತೆ ಮಾಡಬಹುದು. ಯಾವ ರಾಸಾಯನಿಕ ಅಂತ ಲ್ಯಾಬು ಹುಡುಕುವುದು ಆ ಬಾಟಲಿಯಲ್ಲೇ. ಬೆಳಗ್ಗೆ ಹೋಗಿ ತುಂಬಿದ ನೀರಿನಲ್ಲಿ ಅದು ಇರುವುದೇ ಇಲ್ಲ, ಅಷ್ಟರಲ್ಲಿ ಕೆಳಗೆ ಹೋಗಿಬಿಟ್ಟಿರುತ್ತದೆ.